ಬಲ ಹೋಳು ಎಡದ ಮೇಲೆ

ಫೆಬ್ರವರಿ 3

ಭಾವನವರಿಗೆ ನಾದಿನಿಯ ನಮಸ್ಕಾರ.

ಫೋನಿನಲ್ಲಿ ಹೇಳಹೊರಟರೆ "ಶಾಸ್ತ್ರದ ಮಾತು ಬರಹದಲ್ಲಿರಲಿ" ಎಂದು ಇಟ್ಟುಬಿಡುತ್ತೀರಿ. ಆದ್ದರಿಂದ ಬರಹದಲ್ಲೇ, ಶಾಸ್ತ್ರೋಕ್ತವಾಗಿ ಪೀಡಿಸುತ್ತಿದ್ದೇನೆ. ನಮ್ಮ ಕಾಲೇಜಿನ ಹಿಂದೆ ಇಟ್ಟಿಗೆ ಕಾರ್ಖಾನೆಯವರು ಜೇಡಿಮಣ್ಣು ಅಗೆಯುವ ಗುಂಡಿಯಿದೆ. ಅಲ್ಲಿಂದ ಒಂದಿಷ್ಟು ಮಣ್ಣು ತಂದು, ನೆನೆಸಿ, ಜರಡಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡಿದೆ. ಆಸ್ಟ್ರಕಾಡ್‌ಗಳು ಸಿಕ್ಕವು. ಇವು ಏನು ಎಂದು ಪ್ರಾಂಶುಪಾಲರು ಕೇಳಿದರು. ಎಳ್ಳಿಗಿಂತ ಸಣ್ಣ ಚಿಪ್ಪು, ಎರಡು ಹೋಳು, ಅದರೊಳಗೆ ಲಕ್ಷಾಂತರ ವರ್ಷದ ಹಿಂದೆ ಸಂಸಾರ ಮಾಡಿಕೊಂಡಿದ್ದದ್ದು ಸೀಗಡಿಯ ದೂರದ ನೆಂಟ ಎಂದೆ. "ನೆಂಟರು ಅಂದಮೇಲೆ ದೂರ ಇದ್ರೇನೇ ಚೆಂದ" ಅಂದರು. ತಕ್ಷಣ ನಿಮ್ಮ ನೆನಪಾಯಿತು.

ತಮಾಷೆ ಸಾಕು. ನೀವು ಇಪ್ಪತ್ತಾರು ವರ್ಷದ ಹಿಂದೆ ವಿವರಿಸಿ, ನಮ್ಮಕ್ಕನ ಹೆಸರಿಟ್ಟಿರಲ್ಲ, ಆ ಪ್ರಭೇದವನ್ನೇ ಇವು ಹೋಲುತ್ತವೆ. ಅದೇ ಹುರುಳಿಕಾಳಿನ ಆಕಾರ, ಕಣ್ಣಿದ್ದ ಜಾಗದಲ್ಲಿ ಅದೇ ಗುಬುಟು, ಮೈತುಂಬ ಅದೇ ಬಲೆಯಂಥ ಕೆತ್ತನೆ. ಆದರೆ ಹಿಂಭಾಗದಲ್ಲಿ ಬಲೆಯ ಕಣ್ಣುಗಳು ದೊಡ್ಡವು. ಹಿಂದಿನ ಕೆಳಮೂಲೆಯಲ್ಲಿ ಒಂದು ಮೊಂಡು ಮುಳ್ಳಿದೆ. ಎಲ್ಲಕ್ಕಿಂತ ಮುಖ್ಯ, ನಿಮ್ಮದರಲ್ಲಿ ಎಡ ಹೋಳು ಬಲ ಹೋಳಿನ ಅಂಚನ್ನು ಮುಚ್ಚುತ್ತದೆ. ನನ್ನದರಲ್ಲಿ ಬಲ ಹೋಳು ಎಡದ ಮೇಲೆ ಕೂತಿದೆ. ನಿಮ್ಮ ಪದರಕ್ಕಿಂತ ತುಂಬ ಮೇಲಿನ, ಅಂದರೆ ತುಂಬ ಈಚಿನ ಪದರ ಇದು. ಕಾಲ ಕಳೆದಂತೆ ಬದಲಾದ ಹೊಸ ಉಪಪ್ರಭೇದವೆಂದು ವಿವರಿಸಿ ನೀವು ಸಂಪಾದಕರಾಗಿರುವ ಪತ್ರಿಕೆಗೇ ಕಳಿಸಬೇಕೆಂದಿದ್ದೇನೆ. ಒಂಬತ್ತು ವರ್ಷ ಈ ಗುಂಡಿಯ ಮಣ್ಣು ಹೊತ್ತದ್ದಕ್ಕೆ ಇದೊಂದೇ ಫಲ.

ಹೋಲಿಸಿ ನೋಡಲು ನಿಮ್ಮ ಸಂಗ್ರಹಾಲಯದಲ್ಲಿರುವ ಮೂಲಮಾದರಿ ಬೇಕು. "ಈ ಪ್ರಭೇದವೆಂದರೆ ಇದು" ಎಂದು ನೀವು ಆರಿಸಿ ಗುರುತಿಟ್ಟ ಆ ಒಂದು ಚಿಪ್ಪು. ಎರಡು ವಾರಕ್ಕೆ ಕಳಿಸಿಕೊಡುತ್ತೀರಾ? ಅಕ್ಕನಿಗೆ ನೆನಪು ಹೇಳಿ.

ನಿಮ್ಮ ನಾದಿನಿ

ಫೆಬ್ರವರಿ 20

ಚಿ. ನಾದಿನಿಗೆ ಆಶೀರ್ವಾದ.

ನಿನ್ನ ಉತ್ಸಾಹ ಕಂಡು ಸಂತೋಷ. ಉತ್ಸಾಹ ಹೆಚ್ಚಾದವರು ಮೊದಲು ಕಳೆದುಕೊಳ್ಳುವುದು ಎಡಬಲದ ಪರಿವೆ.

ನಿನಗೆ ಸಿಕ್ಕಿರುವುದು ಮರಿಗಳು. ಆಸ್ಟ್ರಕಾಡ್ ದೊಡ್ಡದಾಗುವ ತನಕ ಮತ್ತೆ ಮತ್ತೆ ಚಿಪ್ಪು ಕಳಚಿ ಹೊಸದು ತೊಡುತ್ತದೆ, ಕಳಚಿದ್ದೆಲ್ಲ ಕೆಸರಿಗೆ ಬೀಳುತ್ತದೆ. ಹೊಸಬರು ಅವನ್ನೆಲ್ಲ ಹೆಕ್ಕಿ ಒಂದೊಂದಕ್ಕೂ ನಾಮಕರಣ ಮಾಡುತ್ತಾರೆ, ಒಂದೇ ಮಗುವಿನ ಹಳೆಯ ಅಂಗಿಗಳನ್ನು ತೋರಿಸಿ ಮನೆತುಂಬ ಮಕ್ಕಳು ಎಂದ ಹಾಗೆ. ಎಡಬಲ ತಿರುಗಿರುವುದಕ್ಕೆ ಕಾರಣ ಇನ್ನೂ ಸರಳ: ನೀನು ಚಿಪ್ಪನ್ನು ಹಿಂದುಮುಂದಾಗಿ ಇಟ್ಟು ನೋಡಿದ್ದೀಯ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಹೀಗಾಗುವುದು ಸಹಜ.

ಮೂಲಮಾದರಿಯನ್ನು ಅಂಚೆಗೆ ಹಾಕುವ ಪದ್ಧತಿ ಇಲ್ಲ. ಇನ್ನು ಉಪಪ್ರಭೇದದ ವಿಷಯ. ಪ್ರಭೇದ ಸಿಗದವರಿಗೆ ಕೊಡುವ ಸಮಾಧಾನಕರ ಬಹುಮಾನ ಅದು. ಆತುರ ಬೇಡ.

ನಿನ್ನ ಅಕ್ಕ ನಿನ್ನ ಪತ್ರ ಓದಿದಳು. ಎಡಬಲದ ಜಾಗಕ್ಕೆ ಬಂದಾಗ ನಕ್ಕಳು. ಏನೂ ಹೇಳಲಿಲ್ಲ.

ನಿನ್ನ ಭಾವ

ಫೆಬ್ರವರಿ 26

ಭಾವ,

ನಲವತ್ತು ದಾಟಿದ ನನ್ನನ್ನೇ ಇನ್ನೂ ಮರಿ ಎನ್ನುವವರು ನೀವು, ಚಿಪ್ಪನ್ನು ಬಿಡುತ್ತೀರಾ? ಮರಿಯಲ್ಲ. ಎರಡು ಹೋಳುಗಳನ್ನು ಕೂಡಿಸುವ ಕೀಲಿನಲ್ಲಿ ಹಲ್ಲುಗಳು ಪೂರ್ತಿ ಬಂದಿವೆ. ಅಂಚಿನ ಸಣ್ಣ ನಾಳಗಳು ಬೆಳೆದು ಕವಲೊಡೆದಿವೆ. ಗಂಡುಗಳಿವೆ, ಉದ್ದಕ್ಕೆ, ತೆಳ್ಳಗೆ. ಹೆಣ್ಣುಗಳಿವೆ, ಹಿಂಭಾಗ ಉಬ್ಬಿಕೊಂಡು. ಮದುವೆ ವಯಸ್ಸು ದಾಟಿದವನ್ನು ತೊಟ್ಟಿಲಿಗೆ ಹಾಕಬೇಡಿ. ಅವುಗಳ ಪೊರೆ ಎಂದೋ ಕಳಚಿದೆ. ಇನ್ನೂ ಕಳಚದಿರುವ ಪೊರೆ ಯಾರ ಕಣ್ಣಿನಲ್ಲಿದೆಯೋ ನೋಡಿಸಿಕೊಳ್ಳಿ.

ಅಕ್ಕ ನಕ್ಕಳು, ಏನೂ ಹೇಳಲಿಲ್ಲ ಎಂದು ಎಷ್ಟು ಸಲೀಸಾಗಿ ಬರೆದಿರಿ. ಆ ಪ್ರಭೇದವನ್ನು ಜರಡಿಯ ಮಣ್ಣಿನಿಂದ ಮೊದಲು ಹೆಕ್ಕಿ "ಇದು ಬೇರೆ" ಎಂದವಳು ಅವಳು. ಆಗ ಅವಳು ನಿಮ್ಮ ಸಂಗ್ರಹಾಲಯದ ಚಿತ್ರಗಾರ್ತಿ, ಭೂವಿಜ್ಞಾನದಲ್ಲಿ ನಿಮಗಿಂತ ಹೆಚ್ಚು ಅಂಕ ತೆಗೆದವಳು. ಚಿತ್ರ ಬರೆದವಳೂ ಅವಳೇ. ಪ್ರಬಂಧದ ಮೇಲೆ ಮಾತ್ರ ನಿಮ್ಮ ಹೆಸರು, ಚಿತ್ರದ ಕೆಳಗೆ ಯಾರ ಹೆಸರೂ ಇಲ್ಲ. ಚಿತ್ರ ಅಕ್ಕನದು, ಕೀರ್ತಿ ಭಾವನದು. ಇದಕ್ಕೇ ಇರಬೇಕು ಭಾವಚಿತ್ರ ಎನ್ನುವುದು. ಅವಳಿಗೆ ಸಿಕ್ಕದ್ದು ಸತ್ತ ಹುಳಕ್ಕೆ ತನ್ನ ಹೆಸರು. ಕೈಗೆ ಚಿಪ್ಪು ಕೊಡುವುದನ್ನು ಇಷ್ಟು ಅಕ್ಷರಶಃ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಮೂಲಮಾದರಿ ಕಳಿಸಿ. ಇಲ್ಲವೇ ಯಾಕೆ ಹೆದರುತ್ತೀರೆಂದು ಬರೆಯಿರಿ.

ನಾದಿನಿ

ಮಾರ್ಚ್ 15

ನಾದಿನಿಗೆ,

ಹೆದರಿಕೆ ಎಂದೆಯಲ್ಲ, ಇಗೋ. ಈ ಪತ್ರದ ಜೊತೆ ಮೂಲಮಾದರಿ ಬರುತ್ತಿದೆ. ನನ್ನ ಸೇವಾವಧಿಯಲ್ಲಿ ಮುರಿದ ಮೊದಲ ನಿಯಮ. ಬೀರುವಿನಿಂದ ಡಬ್ಬಿ ತೆಗೆದು ಹಾಗೇ ಹತ್ತಿಯಲ್ಲಿ ಸುತ್ತಿದ್ದೇನೆ. ಗಾಜಿನ ಮುಚ್ಚಳವನ್ನು ಬಿಚ್ಚಿ ನೋಡಲೂ ಹೋಗಿಲ್ಲ. ನನಗೆ ಅದರ ಒಂದೊಂದು ಗುಳಿಯೂ ಬಾಯಿಪಾಠ.

ನಿನ್ನ ಅಕ್ಕನ ವಿಷಯ. ಒಂದು ಜೀವಿಗೆ ಒಬ್ಬರ ಹೆಸರಿಡುವುದಕ್ಕಿಂತ ದೊಡ್ಡ ಮರ್ಯಾದೆ ನಮ್ಮ ಶಾಸ್ತ್ರದಲ್ಲಿಲ್ಲ. ಪ್ರಬಂಧ ಬರೆದವರನ್ನು ಜನ ಮರೆಯುತ್ತಾರೆ, ಪ್ರಭೇದದ ಹೆಸರು ಉಳಿಯುತ್ತದೆ. ಅವಳು ಒಂದು ದಿನವೂ ಕೊರಗಿದ್ದನ್ನು ನಾನು ಕಾಣೆ. ಗಂಡಹೆಂಡಿರ ನಡುವೆ ನೀನು ಜರಡಿ ಹಿಡಿಯಬೇಡ.

ಕಣ್ಣಾರೆ ನೋಡು. ಎಡ ಹೋಳು ಬಲದ ಮೇಲೆ ಕೂತಿರುವುದನ್ನು ನೋಡಿ, ನಿನ್ನವನ್ನು ಸರಿಯಾಗಿ ತಿರುಗಿಸಿಟ್ಟು, ಲೇಖನದ ಯೋಚನೆ ಬಿಟ್ಟೆ ಎಂದು ಬರೆದು ಕಳಿಸು.

ಭಾವ

ಮಾರ್ಚ್ 24

ಭಾವ,

ನೀವು ಇಷ್ಟು ಕೆಳಗಿಳಿಯುತ್ತೀರೆಂದು ನಾನು ಎಣಿಸಿರಲಿಲ್ಲ. ಕಳಿಸಿರುವುದು ಮೂಲಮಾದರಿಯಲ್ಲ.

ಹಲ್ಲಿಯ ಮೊಟ್ಟೆಯನ್ನು ಹಿಡಿದಂತೆ ಕುಂಚದ ತುದಿಯಲ್ಲಿ ಹಿಡಿದು ನಾಲ್ಕೂ ಕಡೆಯಿಂದ ನೋಡಿದೆ. ಸಹೋದ್ಯೋಗಿಗೆ ತೋರಿಸಿದೆ. ಪ್ರಯೋಗಾಲಯದ ಗುಮಾಸ್ತರನ್ನೂ ಬಿಡಲಿಲ್ಲ. ಬಲ ಹೋಳು ಎಡದ ಮೇಲೆ ಇದೆ. ನಿಮ್ಮ ವಿವರಣೆಯಲ್ಲಿ, ನಿಮ್ಮ ಚಿತ್ರದಲ್ಲಿ, ನಿಮ್ಮ ಹದಿನಾಲ್ಕು ಭಾಷಣಗಳಲ್ಲಿ ಎಡ ಬಲದ ಮೇಲೆ. ಡಬ್ಬಿಯ ಮೇಲೆ ಮೂಲಮಾದರಿಯ ಸಂಖ್ಯೆ, ಒಳಗೆ ಬೇರೆ ಯಾವುದೋ ಚಿಪ್ಪು. ನನಗೆ ಗೊತ್ತಾಗುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದಿರಾ? ಅಥವಾ ನಾನು "ಸರಿ ಭಾವ" ಎಂದು ತಲೆಯಾಡಿಸಿದ ಮೇಲೆ ನಾಲ್ಕು ಜನರೆದುರು ನಗಲಿಕ್ಕಾ?

ನಿಜವಾದದ್ದನ್ನು ಕಳಿಸಿ.

ನಾದಿನಿ

ಮಾರ್ಚ್ 28

ನೀನು ಬರೆದಿರುವುದರ ಅರ್ಥ ನಿನಗೆ ಗೊತ್ತಿದೆಯೇ? ಮೂಲಮಾದರಿಯನ್ನು ಬದಲಿಸಿದ ಎನ್ನುವುದು ನಮ್ಮ ವೃತ್ತಿಯಲ್ಲಿ ಕಳ್ಳತನಕ್ಕಿಂತ ಹೀನವಾದ ಆರೋಪ. ಕಳ್ಳ ಒಬ್ಬರ ಮನೆಗೆ ಕನ್ನ ಹಾಕುತ್ತಾನೆ. ಮೂಲಮಾದರಿ ಬದಲಿಸಿದವನು ಮುಂದೆ ಬರುವವರೆಲ್ಲರ ಮನೆಗೆ ಹಾಕುತ್ತಾನೆ. ಹೆಂಡತಿಯ ತಂಗಿಯಾಗಿರದಿದ್ದರೆ ಈ ಪತ್ರಕ್ಕೆ ವಕೀಲರು ಉತ್ತರ ಬರೆಯುತ್ತಿದ್ದರು.

ಡಬ್ಬಿಯ ಮೇಲಿನ ಅಂಕಿಗಳು ನನ್ನ ಕೈಬರಹ. ಅದೂ ಸಾಲದಿದ್ದರೆ ಚಿಪ್ಪಿನ ಕೆಳ ಅಂಚು ನೋಡು. ಹೆಕ್ಕುವಾಗ ಸೂಜಿ ತಾಗಿ ಒಂದು ಸಣ್ಣ ಮುಕ್ಕಾಗಿದೆ. ಅದೇ ಮುಕ್ಕು ನನ್ನ ಪ್ರಬಂಧದ ಚಿತ್ರದಲ್ಲೂ ಇದೆ. ಅಂಥ ಮುಕ್ಕು ಜಗತ್ತಿನಲ್ಲಿ ಇನ್ನೊಂದಿಲ್ಲ. ಹೋಲಿಸು. ಹೋಲಿಸಿ ಕ್ಷಮೆ ಕೇಳು.

ಭಾವ

ಏಪ್ರಿಲ್ 9

ಭಾವ,

ಹೋಲಿಸಿದೆ. ಕ್ಷಮಿಸಿ, ನೀವು ಚಿಪ್ಪು ಬದಲಿಸಿಲ್ಲ. ಅದು ಮೂಲಮಾದರಿಯೇ. ಒಂದು ಕ್ಷಮೆ ಮುಗಿಯಿತು. ಇನ್ನು ನನ್ನ ಸರದಿ.

ಮುಕ್ಕು ಇದೆ. ಅದೇ ಆಕಾರ, ಅದೇ ಚೂಪು. ಆದರೆ ಚಿಪ್ಪಿನಲ್ಲಿ ಅದಿರುವುದು ಎಡ ಹೋಳಿನ ಮೇಲೆ, ಚಿತ್ರದಲ್ಲಿ ಬಲ ಹೋಳಿನ ಮೇಲೆ. ಕೈಗನ್ನಡಿ ತಂದು ನಿಮ್ಮ ಪ್ರಬಂಧದ ಚಿತ್ರದ ಪಕ್ಕದಲ್ಲಿ ನಿಲ್ಲಿಸಿದೆ. ಕನ್ನಡಿಯೊಳಗೆ ನಿಮ್ಮ ಮೂಲಮಾದರಿ ಮುಕ್ಕಿನ ಸಮೇತ ನೆಟ್ಟಗೆ ನಿಂತಿತು. ಚಿತ್ರ ತಿರುವುಮುರುವಾಗಿ ಅಚ್ಚಾಗಿದೆ. ಎಡದ್ದು ಬಲವಾಗಿದೆ, ಬಲದ್ದು ಎಡವಟ್ಟಾಗಿದೆ.

ಅಚ್ಚಾಗಿದ್ದರೆ ಆಗಲಿ, ಅಚ್ಚಿನ ಯಂತ್ರ ನಿಮ್ಮ ವಾಕ್ಯ ಬರೆಯುವುದಿಲ್ಲವಲ್ಲ. "ಎಡ ಹೋಳು ಬಲವನ್ನು ಸ್ಪಷ್ಟವಾಗಿ ಮುಚ್ಚುತ್ತದೆ" ಎಂದು ಬರೆದವರು ನೀವು. ಚಿಪ್ಪು ನೋಡಿ ಬರೆದವರು ಹಾಗೆ ಬರೆಯಲಾರರು. ನೀವು ಚಿತ್ರ ನೋಡಿ ಬರೆದಿದ್ದೀರಿ. ಮೇಜಿನ ಮೇಲೆ ಚಿಪ್ಪಿದ್ದೂ ಅದರ ಕಡೆ ಕತ್ತು ತಿರುಗಿಸಿಲ್ಲ.

ಇದರಿಂದ ನನಗಾದದ್ದು ಕೇಳಿ. ನಿಮ್ಮದರಲ್ಲೂ ಬಲವೇ ಮೇಲಿದ್ದರೆ ನನ್ನ ದೊಡ್ಡ ವ್ಯತ್ಯಾಸ ಮಾಯ. ಉಳಿದದ್ದು ಹಿಂಭಾಗದಲ್ಲಿ ಬಲೆಯ ದೊಡ್ಡ ಕಣ್ಣುಗಳು ಮತ್ತು ಆ ಮೊಂಡು ಮುಳ್ಳು. ಮೂರು ಕಾಲಿನ ಮಣೆಯಲ್ಲಿ ನೀವು ಮುರಿದದ್ದು ದಪ್ಪನೆಯ ಕಾಲನ್ನೇ. ಎರಡು ಕಾಲಿನ ಮೇಲೆ ನಿಲ್ಲಿಸಲು ನೋಡುತ್ತೇನೆ. ನಿಮ್ಮ ತಪ್ಪನ್ನು ತಿದ್ದದೆ ನನ್ನದನ್ನು ವಿವರಿಸಲಾಗದು. ಆದ್ದರಿಂದ ತಿದ್ದುತ್ತೇನೆ, ಬಹಿರಂಗವಾಗಿ, ಚಿತ್ರ ಬರೆದವಳ ಹೆಸರು ಹಾಕಿ. ಅಕ್ಕನಿಗೂ ಬರೆದಿದ್ದೇನೆ.

ನಾದಿನಿ

ಏಪ್ರಿಲ್ 30

ನಾದಿನಿಗೆ,

ಅಚ್ಚುಕೂಟದ ಅಚಾತುರ್ಯವನ್ನು ನನ್ನ ತಲೆಗೆ ಕಟ್ಟುವ ನಿನ್ನ ಚಾತುರ್ಯಕ್ಕೆ ಮೆಚ್ಚಿದೆ. ಆಗಿನ ಕಾಲದಲ್ಲಿ ಚಿತ್ರಗಳು ಹೀಗೆ ತಿರುಗುವುದು ಸಾಮಾನ್ಯ. ಚಿತ್ರ ಕಂಡು ವಾಕ್ಯ ತಿದ್ದಿದವರು ಆಗಿನ ಸಹಸಂಪಾದಕರು ಇರಬೇಕು, ಅವರು ಈಗಿಲ್ಲ. ಬೇಕಿದ್ದರೆ ನಾನೇ ಎರಡು ಸಾಲಿನ ತಿದ್ದುಪಡಿ ಹಾಕುತ್ತೇನೆ. ನಿನ್ನ ಲೇಖನದಲ್ಲಿ ಆ ಪ್ರಸ್ತಾಪ ಇದ್ದರೆ ಸಂಪಾದಕನಾಗಿ ನಾನು ಒಪ್ಪುವುದಿಲ್ಲ.

ನಿನ್ನ ಅಕ್ಕನನ್ನು ಇದಕ್ಕೆ ಎಳೆಯಬೇಡ. ಅವಳು ಆರಾಮಾಗಿದ್ದಾಳೆ. ಪಕ್ಕದ ಕೋಣೆಯಲ್ಲಿ ಏನೋ ಓದುತ್ತಿದ್ದಾಳೆ. ನಿನ್ನ ಪತ್ರ ಬಂತಲ್ಲ ಎಂದು ಕೇಳಿದೆ. ಇಂಥದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ ಎಂದಳು. ನಿನಗೆ ಆಶೀರ್ವಾದ ತಿಳಿಸಿದ್ದಾಳೆ.

ಭಾವ

ಮೇ 4

ಭಾವ,

ನಿಮ್ಮ ಮನೆಯ ಪಕ್ಕದ ಕೋಣೆ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರ ಇದೆಯೆಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಪತ್ರ ಬಂದಾಗ ಅಕ್ಕ ನನ್ನ ಮೇಜಿನ ಮುಂದೆ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಅವಳು ಇಲ್ಲಿಗೆ ಬಂದು ವಾರದ ಮೇಲಾಯಿತು. ಒಂದು ಚೀಲ ಬಟ್ಟೆ, ಹಳೆಯ ಪೆನ್ನುಗಳ ಪೆಟ್ಟಿಗೆ, ಕಾಗದದ ಸುರುಳಿ. ನಿಮ್ಮ ಪತ್ರವನ್ನು ಅವಳಿಗೇ ಓದಿ ಹೇಳಿದೆ. ತಾನು ಹೇಳದ ಮಾತನ್ನು ಇಷ್ಟು ಚೆನ್ನಾಗಿ ಬರೆದಿದ್ದೀರೆಂದು ಮೆಚ್ಚಿದಳು. ಆಶೀರ್ವಾದ ಮಾತ್ರ ಖುದ್ದಾಗಿ ಮಾಡಿದಳು.

ಚಿತ್ರ ತಿರುಗಿದ ಕಥೆಯನ್ನೂ ಅವಳಿಂದಲೇ ಕೇಳಿದೆ. ಅಚ್ಚುಕೂಟವೂ ಅಲ್ಲ, ಪಾಪ ಸತ್ತ ಸಹಸಂಪಾದಕರೂ ಅಲ್ಲ. ಅವಳು ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ಬರೆದು, ಕೆಳಮೂಲೆಯಲ್ಲಿ ಸಣ್ಣದಾಗಿ ಸಹಿ ಹಾಕಿ ನಿಮ್ಮ ಕೈಗೆ ಕೊಟ್ಟಳು. ಪುಟದ ಅಂದ ಕೆಡುತ್ತದೆಂದು ನೀವು ಕತ್ತರಿ ತೆಗೆದುಕೊಂಡು ಸಹಿ ಇದ್ದ ಮೂಲೆಯನ್ನು ಕತ್ತರಿಸಿದಿರಿ. ಆಮೇಲೆ ರಟ್ಟಿಗೆ ಅಂಟಿಸಿದಿರಿ, ಮಗುಚಿ. ಟ್ರೇಸಿಂಗ್ ಕಾಗದಕ್ಕೆ ಎರಡು ಬದಿಯೂ ಒಂದೇ. ಎರಡು ಹೋಳಿನ ಚಿಪ್ಪನ್ನು ಯಾವ ಕಡೆಯಿಂದ ಬರೆದರೂ ಚಿಪ್ಪೇ. ಯಾವುದು ಸರಿಬದಿ ಎಂದು ಹೇಳಬಲ್ಲದ್ದು ಆ ಕಾಗದದಲ್ಲಿ ಅವಳ ಹೆಸರೊಂದೇ ಆಗಿತ್ತು. ಅದು ಅಲ್ಲೇ ಇದ್ದಿದ್ದರೆ ಅಕ್ಷರಗಳು ಉಲ್ಟಾ ಕಾಣುತ್ತಿದ್ದವು, ಅಚ್ಚು ಜೋಡಿಸುವವನೇ ಕೂಗಿ ಹೇಳುತ್ತಿದ್ದ. ಅವಳನ್ನು ಅಳಿಸಿದಿರಿ, ನೀವು ಎಡವಿದಿರಿ. ಇದನ್ನು ಬರೆಯುವಾಗ ತಮಾಷೆ ಮಾಡಲು ಒಂದು ಪದವೂ ಹೊಳೆಯುತ್ತಿಲ್ಲ.

ಇಷ್ಟು ವರ್ಷ ಏಕೆ ಸುಮ್ಮನಿದ್ದೆ ಎಂದು ಅವಳ ಮೇಲೂ ರೇಗಿದೆ. ಹೆದರಿಕೆ ಎಂದುಕೊಂಡಿದ್ದೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ:

"ಮೊದಲ ಪ್ರತಿ ಬಂದ ದಿನಾನೇ ನೋಡಿದೆ ಕಣೆ. ಹೇಳೋಣ ಅಂತ ಹೋದೆ. ಅವರು ಆ ಪುಟ ತೆಗೆದು ಬಂದವರಿಗೆಲ್ಲ ತೋರಿಸ್ತಾ ಇದ್ರು, 'ನನ್ನ ಚಿತ್ರ ಹೇಗಿದೆ' ಅಂತ. ಸರಿ, ಒಂದಲ್ಲ ಒಂದು ದಿನ ಚಿಪ್ಪು ನೋಡ್ತಾರೆ, ಅವತ್ತು ನನ್ನ ಹತ್ರ ಬಂದು ಕೇಳ್ತಾರೆ, ಅವತ್ತು ಹೇಳ್ತೀನಿ ಅಂದ್ಕೊಂಡೆ. ನೋಡಲೇ ಇಲ್ಲ."

ನನಗೆ ಮೊದಲೇ ಹೇಳಿದ್ದರೆ ನನ್ನ ಉಪಪ್ರಭೇದವಾದರೂ ನೆಟ್ಟಗೆ ನಿಲ್ಲುತ್ತಿತ್ತಲ್ಲ ಎಂದೆ. "ನಿನ್ನದು ನಿಲ್ಲುತ್ತೆ, ಮುಳ್ಳು ಗಟ್ಟಿಯಾಗಿದೆ. ನನ್ನ ಸಿಟ್ಟನ್ನ ಏನು ಮಾಡಬೇಕು ಅಂತ ನಾನು ನೋಡ್ಕೋತೀನಿ" ಅಂದಳು. ಮರುದಿನದಿಂದ ಸೂಕ್ಷ್ಮದರ್ಶಕದ ಮುಂದೆ ಕೂತು ಎರಡನ್ನೂ ಹೊಸದಾಗಿ ಬರೆಯುತ್ತಿದ್ದಾಳೆ, ನಿಮ್ಮದನ್ನೂ ನನ್ನದನ್ನೂ. ನಾನು ಕಾಣದ ಇನ್ನೊಂದು ವ್ಯತ್ಯಾಸವನ್ನೂ ಕಂಡಳು. ಹೋಳಿನ ಒಳಗಡೆ ಸ್ನಾಯು ಅಂಟಿದ್ದ ನಾಲ್ಕು ಗುರುತುಗಳಲ್ಲಿ ಕೆಳಗಿನದು ನಮ್ಮದರಲ್ಲಿ ಎರಡಾಗಿ ಸೀಳಿದೆ. ಎಲ್ಲ ಚಿಪ್ಪಿನಲ್ಲೂ ಹಾಗೇ. ಮಣೆಗೆ ಮೂರನೆಯ ಕಾಲು ಸಿಕ್ಕಿತು.

ಲೇಖನದ ಕರಡು ಇದರೊಂದಿಗಿದೆ. ಮೊದಲ ಲೇಖಕಿ ಅಕ್ಕ, ಎರಡನೆಯವಳು ನಾನು. ಉಪಪ್ರಭೇದವೊಂದು ಹುಟ್ಟಿದರೆ ಹಳೆಯದಕ್ಕೆ ಅದೇ ಹೆಸರನ್ನು ಎರಡು ಸಲ ಹೇಳುವುದು ನಿಯಮ. ಇನ್ನು ಮುಂದೆ ಎಲ್ಲರೂ ಅಕ್ಕನ ಹೆಸರನ್ನು ಎರಡೆರಡು ಸಲ ಕರೆಯಬೇಕು. ಮೊದಲು ವಿವರಿಸಿದವರೆಂದು ಅದರ ಪಕ್ಕದಲ್ಲಿ ನಿಮ್ಮ ಹೆಸರೂ ಇರುತ್ತದೆ. ನಿಯಮ, ಏನು ಮಾಡುವುದು.

ಒಂದು ವಾಕ್ಯಕ್ಕೆ ನನ್ನ ವಿರೋಧವಿತ್ತು: ಎಡಬಲ ಅದಲುಬದಲಾದದ್ದು "ಮುದ್ರಣದೋಷದಿಂದ" ಎಂದು ಹಾಕಿದ್ದೇವೆ. ನಾನು ಇದ್ದದ್ದನ್ನೇ ಬರೆದಿದ್ದೆ. ಅಕ್ಕ ಹೊಡೆದುಹಾಕಿ ಹೀಗೆ ಬರೆಸಿದಳು. ಅವಳ ಕರುಣೆ ಅವಳಿಗಿರಲಿ. ನನ್ನ ಹತ್ತಿರ ದಾಸ್ತಾನಿಲ್ಲ.

ನಾದಿನಿ

ಮೇ 29

ನಾದಿನಿಗೆ,

ಇಷ್ಟು ದಿನ ಉತ್ತರ ಬರೆಯದಿದ್ದುದಕ್ಕೆ ಕಾರಣ ಕೆಲಸ. ಆ ಪ್ರಭೇದದ ಉಳಿದ ಚಿಪ್ಪುಗಳು ಬೀರುವಿನಲ್ಲಿದ್ದವು. ಒಂದೊಂದನ್ನೂ ತೆಗೆದು ನೋಡಿದೆ. ಎಲ್ಲದರಲ್ಲೂ ಬಲ ಹೋಳು ಎಡದ ಮೇಲೆ. ಸ್ನಾಯುಗುರುತು ನಾಲ್ಕೇ, ಯಾವುದರಲ್ಲೂ ಸೀಳಿಲ್ಲ. ನಿಮ್ಮದು ಉಪಪ್ರಭೇದವೇ ಹೌದು. ಹೌದು ಎನ್ನುವಾಗ ನನಗೆ ಯಾವ ಸಂತೋಷವೂ ಇಲ್ಲ.

"ಮುದ್ರಣದೋಷ" ಎಂಬ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದಿದ್ದೇನೆ. ನನ್ನ ಮೇಲೆ ದಯೆ ತೋರಿಸಿ ಎಂದು ನಿಮ್ಮಿಬ್ಬರಿಗೂ ಯಾರು ಅರ್ಜಿ ಹಾಕಿದ್ದರು? ಬೈದರೆ ತಡೆದುಕೊಂಡೇನು, ನಾದಿನಿಯ ಬೈಗುಳ ಕೇಳಿ ಕೇಳಿ ಅಭ್ಯಾಸವಾಗಿದೆ. ಸುಳ್ಳು ಹೇಳಿ ನನ್ನನ್ನು ಉಳಿಸುವ ಉಪಕಾರ ಬೇಡ. ಆ ಜಾಗಕ್ಕೆ ನಾನು ಬರೆದ ವಾಕ್ಯ ಇದು:

"ಮೂಲ ವಿವರಣೆಯ ಲೇಖಕ ಚಿತ್ರವನ್ನು ಮಗುಚಿ ಅಂಟಿಸಿ, ಚಿಪ್ಪನ್ನು ನೋಡದೆ ಚಿತ್ರ ನೋಡಿ ಬರೆದದ್ದರಿಂದ ಎಡಬಲ ಅದಲುಬದಲಾಗಿದೆ. ಚಿತ್ರ ಬರೆದವರು ಲೇಖಕರ ಪತ್ನಿ. ಅವರ ಚಿತ್ರದಲ್ಲಿ ತಪ್ಪಿರಲಿಲ್ಲ."

ಇದರಲ್ಲಿ ಒಂದಕ್ಷರ ಬದಲಾದರೂ ಪ್ರಕಟಿಸುವುದಿಲ್ಲ.

ನಿನ್ನ ಅಕ್ಕ ಯಾವಾಗ ಬರುತ್ತಾಳೆ ಎಂದು ನಾನು ಕೇಳುತ್ತಿಲ್ಲ. ಮನೆಯಲ್ಲಿ ಎಲ್ಲ ಸರಿಯಾಗಿ ನಡೆದಿದೆ.

ಭಾವ

ಜೂನ್ 6

ಭಾವ,

ನಿಮ್ಮ ವಾಕ್ಯವನ್ನು ಅಕ್ಕನ ಮುಂದಿಟ್ಟೆ. ಓದಿದಳು. ಚಿತ್ರದ ಮೇಲಿನ ದೀಪವನ್ನು ಇತ್ತ ತಿರುಗಿಸಿಕೊಂಡು ಇನ್ನೊಮ್ಮೆ ಓದಿದಳು. ಕಣ್ಣಲ್ಲಿ ನೀರು ಬರುತ್ತದೇನೋ ಎಂದು ನಾನು ಲೋಟ ಹಿಡಿದು ನಿಂತಿದ್ದೆ. ನನಗೂ, ನಾಚಿಕೆಯ ಮಾತು, ನಿಮ್ಮ ಮೇಲಿನ ಸಿಟ್ಟು ಒಂದು ಚಮಚದಷ್ಟು ಇಳಿದಿತ್ತು.

ಅವಳು ಪೆನ್ನು ತೆಗೆದುಕೊಂಡು "ಲೇಖಕರ ಪತ್ನಿ" ಎಂಬ ಎರಡು ಪದಗಳನ್ನು ಅಡ್ಡ ಗೆರೆ ಎಳೆದು ಹೊಡೆದಳು. ಅಳತೆಪಟ್ಟಿ ಇಟ್ಟು. ಮೇಲೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು.

ಒಂದಕ್ಷರ ಬದಲಾದರೂ ಪ್ರಕಟಿಸುವುದಿಲ್ಲ ಎಂದಿದ್ದೀರಿ, ಎರಡು ಪದ ಬದಲಾಗಿವೆ. ಅದನ್ನು ಹೇಳಿದೆ. "ಹಾಗಾದರೆ ಬೇರೆ ಪತ್ರಿಕೆಗೆ ಕಳಿಸೋಣ" ಅಂದಳು, ಹಾಲಿನವನನ್ನು ಬದಲಿಸುವಷ್ಟು ಸರಾಗವಾಗಿ. ಆಮೇಲೆ ನಿಮ್ಮನ್ನು ಒಂದು ಮಾತು ಕೇಳಲು ಹೇಳಿದಳು. ಕೇಳುತ್ತಿದ್ದೇನೆ:

"ಹುಳಕ್ಕೆ ಇಡೋವಾಗ ನನ್ನ ಹೆಸರು ನೆನಪಿತ್ತಲ್ಲ, ನನಗೆ ಹೇಳೋವಾಗ ಮರೆತುಹೋಯ್ತಾ?"

ನಾದಿನಿ

ಜೂನ್ 19

ಮಾನ್ಯ ಪ್ರಥಮ ಲೇಖಕಿಯವರಿಗೆ,

ತಮ್ಮ ಲೇಖನವನ್ನು ತಾವು ತಿದ್ದಿದ ರೂಪದಲ್ಲೇ ಅಂಗೀಕರಿಸಲಾಗಿದೆ. ಅಚ್ಚಿನ ಕರಡು ತಮಗೆ ನೇರವಾಗಿ ಬರುತ್ತದೆ. ಸಂಪಾದಕರ ಕೈಗೆ ಬರುವುದಿಲ್ಲ, ಸಂಪಾದಕರೇ ಹಾಗೆ ಹೇಳಿದ್ದಾರೆ.

ತಮಗೆ ಇದು ನನ್ನ ಮೊದಲ ಪತ್ರ. ಲಕೋಟೆಯ ಮೇಲೆ ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದಿದ್ದೇನೆ, ನನ್ನ ಹೆಸರಿನ ಆಸರೆಯಿಲ್ಲದೆ. ಮೂರು ಲಕೋಟೆ ಹಾಳಾದವು. ತಪ್ಪಿದ್ದರೆ ತಿದ್ದಿ ಕಳಿಸತಕ್ಕದ್ದು.

ಸಂಪಾದಕ